ಡಿಸ್ಕ್ ಹಾಕಿಸುವ ಮೊದಲು ಮಾಸ್ಟರ್ ಸಿಲಿಂಡರ್ ನೋಡಿ

ಹಳೇ ಕಾರಿಗೆ ಮುಂದೆ ಡಿಸ್ಕ್ ಬ್ರೇಕ್ ಹಾಕಿಸಿದರೆ ಸಾಕು ಅಂತ ಬರೆದಿದ್ದೀರಿ. ಅಷ್ಟಕ್ಕೇ ಮುಗಿಯುವುದಿಲ್ಲ ಸರ್, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಅನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನೂ ನೋಡಬೇಕು. ನಮ್ಮಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಇನ್ನೂ ನನ್ನ ಹತ್ತಿರ ಇದೆ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈಗೆ ಶೂ ಒತ್ತಿ ನಿಲ್ಲಿಸುವಂಥದ್ದು. ಒಮ್ಮೆ ಆಗುಂಬೆ ಘಾಟಿ ಇಳಿಯುವಾಗ ಶೂ ಮೇಲಿನ ಲೈನರ್ ಸುಟ್ಟ ವಾಸನೆ ಬಂತು. ಒತ್ತಿದಷ್ಟೂ ಪೆಡಲ್ ಕೆಳಕ್ಕೆ ಹೋಗುತ್ತಿತ್ತು. ಬಿಸಿಗೆ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಅದಕ್ಕೇ ಹಾಗೆ. ಡಿಸ್ಕ್‌ನಲ್ಲಿ ಈ ತೊಂದರೆ ಕಮ್ಮಿ, ನಿಜ.

ಆದರೆ ಡ್ರಮ್ ತಿರುಗುವಾಗ ಶೂ ತಾನೇ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಡಿಸ್ಕ್‌ಗೆ ಆ ಸಹಾಯ ಇಲ್ಲ, ಕಾಲಿನ ಬಲ ಜಾಸ್ತಿ ಬೇಕು. ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ಇಲ್ಲದೆ ಓಡಿಸುವುದು ಕಷ್ಟ. ಡ್ರಮ್‌ನ ಮಾಸ್ಟರ್ ಸಿಲಿಂಡರ್‌ಗಳಲ್ಲಿ ಸಾಮಾನ್ಯವಾಗಿ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಡಿಸ್ಕ್ ಹಿಡಿಯುವ ಪ್ಯಾಡ್ ಸುಮ್ನೆ ಉಜ್ಜುತ್ತಲೇ ಇರುತ್ತದೆ.

ನನಗೆ ನಿಜವಾದ ಭಯ ಒಂದೇ ಸರ್ಕ್ಯೂಟಿನದು, ಅಂದರೆ ನಾಲ್ಕೂ ಚಕ್ರಕ್ಕೆ ಆಯಿಲ್ ಒಂದೇ ಲೈನಿನಲ್ಲಿ ಹೋಗುವುದು. ಚಕ್ರದಲ್ಲಿ ಶೂ ತಳ್ಳುವ ಒಂದು ವೀಲ್ ಸಿಲಿಂಡರಿನ ರಬ್ಬರ್ ಹೋಗಿ ಆಯಿಲ್ ಸೋರಿದರೂ ನಾಲ್ಕೂ ಬ್ರೇಕ್ ಹೋದ ಹಾಗೆ, ಅಲ್ವಾ? ಹಾಗಾಗಿ ಮೊದಲ ದುಡ್ಡು ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್‌ಗೆ ಹಾಕಿ. ಡಿಸ್ಕ್ ಆಮೇಲೆ ನೋಡೋಣ.