ಗಟ್ಟಿಮೇಳಕ್ಕೆ ಸರಿಯಾಗಿ ಕೈಕೊಟ್ಟ ಬೆಳಕು

ಕ್ಯಾಮೆರಾ ಲೆನ್ಸಿನ ಕಿಂಡಿಗೆ ಅಂಕಿ ಹಾಕಿದ ಪುಣ್ಯಾತ್ಮನಿಗೆ ಜನರ ಮೇಲೆ ಅದೇನು ಸಿಟ್ಟಿತ್ತೋ! ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದಾಗುತ್ತದೆ. ಎಫ್ 2.8ರಲ್ಲಿ ಬೆಳಕು ಧಾರಾಳ, ಎಫ್ 16ರಲ್ಲಿ ಪರಮ ಜಿಪುಣ. ಗಣಿತದ ಮೇಷ್ಟ್ರಾದ ನಮ್ಮ ಭಾವ ಬಿಡಿಸಿ ಹೇಳಿದರು: “ಅದು ಭಾಗಾಕಾರ ಕಣಯ್ಯಾ. ಒಂದು ಹೋಳಿಗೆಯನ್ನು ಮೂವರಿಗೆ ಹಂಚಿದರೆ ತುಂಡು ದೊಡ್ಡದು, ಹದಿನಾರು ಜನಕ್ಕೆ ಹಂಚಿದರೆ ಚಿಕ್ಕದು.” ತಕ್ಷಣ ಅರ್ಥವಾಯಿತು. ಹಸಿವೂ ಆಯಿತು.

ಇಷ್ಟು ವಿದ್ಯೆ ತಲೆಗೆ ಹತ್ತಿದ್ದೇ ತಡ, ಚಿಕ್ಕಪ್ಪ ತಮ್ಮ ಮಗಳ ಮದುವೆಯ ಫೋಟೊ ಜವಾಬ್ದಾರಿಯನ್ನು ನನ್ನ ಕೊರಳಿಗೆ ಕಟ್ಟಿದರು. “ವಿಡಿಯೊಗೆ ಮಾತ್ರ ಜನ ಕರೆಸಿದ್ದೇನೆ, ಫೋಟೊಗೆ ನೀನಿದ್ದೀಯಲ್ಲ.” ಡಯಲನ್ನು ‘ಆಟೊ’ದಿಂದ ‘ಎಂ’ಗೆ, ಅಂದರೆ ಎಲ್ಲವನ್ನೂ ನಾನೇ ಹೊಂದಿಸಬೇಕಾದ ಕಡೆಗೆ, ತಿರುಗಿಸಿ ಆರತಕ್ಷತೆಗೆ ಹೋದೆ.

ಕ್ಯಾಮೆರಾದೊಳಗಿನ ಬೆಳಕಿನ ಮೀಟರಿಗೆ ಒಂದು ಮೂಢನಂಬಿಕೆ ಇದೆ: ಜಗತ್ತೆಲ್ಲ ಬೂದುಬಣ್ಣದ್ದು. ಬಿಳಿ ಕಂಡರೆ ಕಪ್ಪಿನತ್ತ, ಕಪ್ಪು ಕಂಡರೆ ಬಿಳಿಯತ್ತ ಎಳೆದು ನಡುವಿನ ಬೂದಿಗೆ ತಂದು ನಿಲ್ಲಿಸಿದರೇ ಅದಕ್ಕೆ ಸಮಾಧಾನ. ಅದರ ಮುಳ್ಳು ಸೊನ್ನೆಗೆ ಬರುವವರೆಗೆ ತಿರುಗಿಸಿ ವರನ ಕಪ್ಪು ಕೋಟನ್ನು ತೆಗೆದರೆ ಕೋಟು ಬೂದಿಯಾಯಿತು, ಮುಖ ಬಿಳಿಚಿಕೊಂಡಿತು. ಮದುವೆಯ ಹಿಂದಿನ ರಾತ್ರಿ ವರನ ಮುಖ ಬಿಳಿಚುವುದು ಸಹಜವೆಂದು ಎಲ್ಲರೂ ಒಪ್ಪಿಕೊಂಡರು. ಸುಣ್ಣದ ಗೋಡೆಯ ಮುಂದೆ ನಿಂತ ದೊಡ್ಡಪ್ಪನ ಹೊಸ ಪಂಚೆಯ ವಿಷಯದಲ್ಲಿ ಮಾತ್ರ ಯಾರೂ ಒಪ್ಪಲಿಲ್ಲ. “ಒಗೆದದ್ದನ್ನು ಉಡಬಾರದಿತ್ತೇ?” ಎಂದು ದೊಡ್ಡಮ್ಮ ಗಂಡನ ಮೇಲೆಯೇ ಹರಿಹಾಯ್ದರು. ಬಿಳಿಗೆ ಎರಡು ಮೆಟ್ಟಿಲು, ಅಂದರೆ ನಾಲ್ಕರಷ್ಟು, ಬೆಳಕು ಹೆಚ್ಚಿಗೆ ಕೊಡಬೇಕೆಂಬ ಶಾಸ್ತ್ರವನ್ನು ಆ ಹೊತ್ತಿನಲ್ಲಿ ವಿವರಿಸುವ ಧೈರ್ಯ ಯಾರಿಗಿದೆ?

ಆಮೇಲೆ ಎಲ್‌ಇಡಿ ದೀಪಗಳ ಸರದಿ. ನಮ್ಮ ಮನೆಗಳಿಗೆ ಬರುವುದು 50 ಹರ್ಟ್ಸ್ ವಿದ್ಯುತ್ತು. ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ, 1/1000 ಸೆಕೆಂಡಷ್ಟೇ ತೆರೆಯುವ ಶಟರಿಗೆ ಕಾಣುತ್ತದೆ. ಸೋದರತ್ತೆಯ ಹಣೆಯಿಂದ ಗಲ್ಲದವರೆಗೆ ಅಡ್ಡಪಟ್ಟೆಗಳು ಬಿದ್ದವು. 1/100ಕ್ಕೆ ಇಳಿಸಿದೆ. ಪಟ್ಟೆ ಹೋಯಿತು, ಕುಣಿಯುತ್ತಿದ್ದ ಮಕ್ಕಳ ಕೈಕಾಲುಗಳೂ ಮಸುಕಾಗಿ ಹೋದವು.

ಬೆಳಿಗ್ಗೆ ಬಿಸಿಲಿತ್ತು. ಎಫ್ 16, ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ), ಶಟರ್ 1/125: ಹಳಬರ ಈ ಸೂತ್ರ ಸುಳ್ಳಾಗುವುದಿಲ್ಲ. ಆದರೆ ಸೂತ್ರ ಬರೆದವರಿಗೆ ತೆಂಗಿನಗರಿಯ ಚಪ್ಪರದ ಪರಿಚಯವಿರಲಾರದು. ಗರಿಯ ಸಂದಿನಿಂದ ಇಳಿದ ಬಿಸಿಲಿನ ಒಂದು ಚೂರು ಬೀಗರ ಮೂಗಿನ ತುದಿಯಲ್ಲಿ, ಇನ್ನೊಂದು ಅವರ ಬೋಳುತಲೆಯ ನಡುವೆ. ಮೂಗಿಗೆ ಹೊಂದಿಸಿದರೆ ಬೀಗರು ಕತ್ತಲೆ, ಬೀಗರಿಗೆ ಹೊಂದಿಸಿದರೆ ಮೂಗೇ ಇಲ್ಲ.

ಮುಹೂರ್ತಕ್ಕೆಂದು ಮಂಟಪದ ಬೆಳಕನ್ನು ಮೊದಲೇ ಅಳೆದು ಕಾದೆ: ಐಎಸ್‌ಒ 1600, ಎಫ್ 2.8, 1/100. ಪುರೋಹಿತರು “ಗಟ್ಟಿಮೇಳ” ಎಂದರು. ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಹಾರಿತು, ಅದೇ ಗಳಿಗೆಗೆ ವಿಡಿಯೊದವನು ತನ್ನ ದೊಡ್ಡ ದೀಪ ಹೊತ್ತಿಸಿದ. ನನ್ನ ಪರದೆಯಲ್ಲಿ ಬರೀ ಬಿಳಿ. ಐಎಸ್‌ಒ ಇಳಿಸಿದೆ, ಅವನು ದೀಪ ಆರಿಸಿದ. ಬರೀ ಕಪ್ಪು. ಈ ಜುಗಲ್‌ಬಂದಿಯ ನಡುವೆ ಮೂರು ಗಂಟೂ ಬಿದ್ದುಹೋಗಿದ್ದವು.

“ಚಿಂತೆ ಬೇಡ ಸಾರ್, ಇನ್ನೊಮ್ಮೆ ಹಿಡಿಸೋಣ” ಎಂದ ವಿಡಿಯೊದವನು. ಶಾಸ್ತ್ರವೆಲ್ಲ ಮುಗಿದ ಮೇಲೆ ವರ ಮತ್ತೆ ವಧುವಿನ ಕೊರಳ ಬಳಿ ಕೈಯಿಟ್ಟು ನಿಂತ. ಈ ಸಲ ದೀಪ ಕದಲಲಿಲ್ಲ, ನಾನೂ ಅವಸರಪಡಲಿಲ್ಲ. ಮಾಂಗಲ್ಯದ ಹೊಳಪು, ಅರಿಶಿನದ ದಾರ, ವಧುವಿನ ಕಿವಿಯಲ್ಲಿ ಸಿಕ್ಕಿದ ಅಕ್ಕಿಕಾಳು, ಎಲ್ಲವೂ ಅಚ್ಚುಕಟ್ಟು. ಇಡೀ ಆಲ್ಬಮ್ಮಿಗೆ ಅದೇ ಮುಖಪುಟ.

ಮದುವೆಗೆ ಬರಲಾಗದ ಅಮೆರಿಕದ ಚಿಕ್ಕಮ್ಮನಿಗೂ ಕಳಿಸಿದೆವು. ದಂಪತಿಯ ಹಿಂದೆ ಸಾಲುಸಾಲಾಗಿ ಖಾಲಿ ಕುರ್ಚಿಗಳು; ಅಷ್ಟು ಹೊತ್ತಿಗೆ ಎಲ್ಲರೂ ಊಟಕ್ಕೆ ಎದ್ದಿದ್ದರು. ರಾತ್ರಿ ಅವರ ಫೋನ್ ಬಂತು: “ನಮ್ಮ ಕಡೆಯವರು ಯಾರೂ ಬಂದಿರಲಿಲ್ಲವೇನಪ್ಪಾ?”