ಇಲ್ಲೊಂದು ಸಹಿ ಹಾಕಿ ಸ್ವಾಮಿ

ಸಹಿ ಹಾಕುವ ಮುಂಚೆ ಪೂರ್ತಿ ಓದುವವರು ನಮ್ಮಲ್ಲಿ ಕಡಿಮೆ. ಬ್ಯಾಂಕಿನಲ್ಲಿ ಸಾಲದ ಕಾಗದ ಮುಂದಿಟ್ಟಾಗ ಆಚೆ ಕೂತವರು ಪುಟಪುಟಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿರುತ್ತಾರೆ, ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ ಅಂತ ಬೆರಳು ತೋರಿಸುತ್ತಾರೆ, ನಾವು ಗೀಚುತ್ತಾ ಹೋಗುತ್ತೇವೆ. ಓದಲು ಕೂತರೆ ಹಿಂದೆ ನಿಂತವರು ಕೆಮ್ಮುತ್ತಾರೆ. ಓದಿದರೂ ಏನು ತಿಳಿದೀತು ಹೇಳಿ. ನಮಗೆ ತಿಳಿಯಬಾರದು ಅಂತಲೇ ಅದನ್ನು ಬರೆದಿರುತ್ತಾರೆ ಅನ್ನುವುದು ನನ್ನ ಹಳೇ ಗುಮಾನಿ.

ಈಗ ಸಹಿ ಹಾಕಬೇಕಾದವರು ನಮ್ಮಂಥ ಸಾಲಗಾರರಲ್ಲ, ಮಹಾರಾಜರು ಅಂತಿಟ್ಟುಕೊಳ್ಳಿ. ಅಕ್ಕಪಕ್ಕ ದಿವಾನರಿದ್ದಾರೆ, ಅಕ್ಷರ ಅಕ್ಷರ ಜಾಲಾಡುವ ವಕೀಲರಿದ್ದಾರೆ. ಅಂಥ ರಾಜರು ಐನೂರಕ್ಕೂ ಜಾಸ್ತಿ. ಅವರೆಲ್ಲರ ಸಹಿ ಕೆಲವೇ ವಾರಗಳಲ್ಲಿ ಬರಬೇಕು. ಹಾಕಿದರೆ ತಾತ ಮುತ್ತಾತರ ಕಾಲದ ರಾಜ್ಯ ಕೈಬಿಡಲು ಶುರುವಾಗುತ್ತದೆ, ಅದು ಅವರಿಗೂ ಗೊತ್ತು. 1947ರಲ್ಲಿ ಈ ಸಹಿ ಸಂಗ್ರಹದ ಕೆಲಸ ಬಿದ್ದದ್ದು ವಿ. ಪಿ. ಮೆನನ್ ಅನ್ನುವ ಅಧಿಕಾರಿಯ ಹೆಗಲಿಗೆ.

ಸರ್ದಾರ್ ಪಟೇಲರು ಎಲ್ಲರಿಗೂ ಗೊತ್ತು. 182 ಮೀಟರ್ ಎತ್ತರದ ಪ್ರತಿಮೆಯಾಗಿ ನಿಂತಿದ್ದಾರೆ, ನಿಲ್ಲಬೇಕಾದವರೇ. ಕೆಲಸ ಕೆಟ್ಟಿದ್ದರೆ ಬೈಸಿಕೊಳ್ಳುವವರು ಅವರೇ ಆಗಿದ್ದರು, ಹಾಗಾಗಿ ಹೆಸರೂ ಅವರಿಗೇ ಸಲ್ಲಬೇಕು. ಆದರೆ ಕರಡು ಬರೆದವನನ್ನು ನೆನಪಿಡುವ ಅಭ್ಯಾಸ ನಮಗೆ ಇಲ್ಲವೇ ಇಲ್ಲ. ಕಚೇರಿಗಳಲ್ಲಿ ಇವತ್ತಿಗೂ ಹಾಗೇ ಅಲ್ವಾ, ಬರೆಯುವವರು ಒಬ್ಬರು, ಕೆಳಗೆ ಹೆಸರು ಇನ್ನೊಬ್ಬರದು.

ಮೆನನ್ ಹುಟ್ಟಿದ್ದು 1893ರಲ್ಲಿ, ಮಲಬಾರಿನ ಒಟ್ಟಪಾಲಂನಲ್ಲಿ. ಮನೆಯಲ್ಲಿ ದುಡ್ಡಿಗೆ ತಾಪತ್ರಯ, ಓದು ಅರ್ಧಕ್ಕೇ ನಿಂತಿತು. ಮೈ ಬಗ್ಗಿಸಿ ದುಡಿಯುವ ಕೆಲಸ ಹುಡುಕಿಕೊಂಡು ಹೊರಟ ಹುಡುಗ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಸ್ವಲ್ಪ ದಿನ ಇದ್ದರು, ಬೆಂಗಳೂರಿನ ತಂಬಾಕು ಕಂಪನಿಯಲ್ಲಿ ಸ್ವಲ್ಪ ದಿನ ಇದ್ದರು. 1914ರಲ್ಲಿ ಸಿಮ್ಲಾದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿಕೊಂಡರು. ದಾರಿಯಲ್ಲಿ ದಿಲ್ಲಿ ಸ್ಟೇಷನ್ನಿನಲ್ಲಿ ದುಡ್ಡು ಕಳವಾಗಿ, ಯಾರೋ ವಯಸ್ಸಾದ ಸಿಖ್ಖರು ಹದಿನೈದು ರೂಪಾಯಿ ಕೊಟ್ಟು ಕಾಪಾಡಿದರು ಅನ್ನುವ ಕತೆಯೂ ಉಂಟು. ಐಸಿಎಸ್ ಪಾಸು ಮಾಡಿದವರು ಮೆರೆಯುತ್ತಿದ್ದ ಕಾಲ ಅದು. ಡಿಗ್ರಿಯೇ ಇಲ್ಲದ ಈ ಮನುಷ್ಯ ಟಿಪ್ಪಣಿ ಬರೆದೂ ಬರೆದೂ ಮೇಲೇರಿದರು, ವೈಸ್‌ರಾಯ್‌ಗೆ ಸಂವಿಧಾನದ ವಿಷಯದಲ್ಲಿ ಸಲಹೆ ಕೊಡುವ ಕುರ್ಚಿಯವರೆಗೂ. 1947ರ ಮೇ ತಿಂಗಳಲ್ಲಿ ವೈಸ್‌ರಾಯ್ ಮೌಂಟ್‌ಬ್ಯಾಟನ್ ಅಧಿಕಾರ ಹಸ್ತಾಂತರದ ಒಂದು ಯೋಜನೆ ತೋರಿಸಿ ನೆಹರೂ ಕೆಂಡವಾದಾಗ, ಅದೇ ಸಿಮ್ಲಾದಲ್ಲಿ ಕೆಲವೇ ಗಂಟೆಗಳಲ್ಲಿ ಬದಲಿ ಕರಡು ಬರೆದುಕೊಟ್ಟವರು ಇವರೇ. ಬ್ರಿಟಿಷರು ದೇಶ ಬಿಟ್ಟುಹೋದದ್ದು ಹೆಚ್ಚುಕಡಿಮೆ ಆ ಕರಡಿನ ಪ್ರಕಾರ.

ಸಂಸ್ಥಾನಗಳ ಖಾತೆ ಶುರುವಾದದ್ದು ಅದೇ ವರ್ಷ ಜುಲೈ 5ರಂದು. ಪಟೇಲರು ಮಂತ್ರಿ, ಮೆನನ್ ಕಾರ್ಯದರ್ಶಿ. ಆಗಸ್ಟ್ 15ಕ್ಕೆ ಆರು ವಾರವೂ ಇಲ್ಲ. ಅವತ್ತು ಬ್ರಿಟಿಷರಿಗೂ ರಾಜರಿಗೂ ಇದ್ದ ಒಪ್ಪಂದಗಳೆಲ್ಲ ಬಿದ್ದುಹೋಗುತ್ತವೆ, ರಾಜರು ಯಾರ ಅಧೀನವೂ ಅಲ್ಲ. ನಕ್ಷೆಯನ್ನು ಒಮ್ಮೆ ನೆನೆಸಿಕೊಳ್ಳಿ. ರೈಲು ಹೋಗುವ ದಾರಿಯಲ್ಲಿ ಹತ್ತು ಸಲ ಬೇರೆ ದೇಶ ದಾಟಬೇಕಾದೀತು.

ಇಲ್ಲಿ ಗುಮಾಸ್ತನ ಬುದ್ಧಿ ಕೆಲಸಕ್ಕೆ ಬಂತು. ಹಳೇ ಫೈಲು ನೆನಪಿತ್ತು. 1935ರ ಕಾಯ್ದೆಯಲ್ಲೇ ರಾಜರು ಒಕ್ಕೂಟಕ್ಕೆ ಸೇರುವುದಕ್ಕೆ ಒಂದು ಸೇರ್ಪಡೆ ಪತ್ರದ ಏರ್ಪಾಟಿತ್ತು. ಆಗ ಸರ್ಕಾರ ಕೇಳಿದ್ದು ಜಾಸ್ತಿ, ರಾಜರು ಮದುವೆ ಮಾತುಕತೆಗೆ ಕೂತ ಬೀಗರ ಹಾಗೆ ಒಂದೊಂದು ಬಾಬಿಗೂ ತಕರಾರು ತೆಗೆದು ವರ್ಷಗಟ್ಟಲೆ ಎಳೆದರು, ಅಷ್ಟರಲ್ಲಿ ಮಹಾಯುದ್ಧ ಬಂದು ಫೈಲು ಮುಚ್ಚಿತು. ಆ ಚೌಕಾಶಿಯನ್ನೆಲ್ಲ ಮೆನನ್ ಹತ್ತಿರದಿಂದ ನೋಡಿದ್ದರು. ಈ ಸಲ ಪತ್ರವನ್ನು ಗಿಡ್ಡ ಮಾಡಿದರು. ಮೂರೇ ವಿಷಯ ಬಿಟ್ಟುಕೊಡಿ, ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ಮಿಕ್ಕದ್ದೆಲ್ಲ ನಿಮ್ಮದೇ. ಇದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಮುಂದೆ ಬರುವ ಸಂವಿಧಾನವನ್ನು ಒಪ್ಪಿಕೊಂಡ ಹಾಗೆ ಆಗುವುದಿಲ್ಲ ಅಂತಲೂ ಪತ್ರದಲ್ಲೇ ಬರೆದರು. ಆ ಮೂರೂ ಬ್ರಿಟಿಷರ ಕಾಲದಲ್ಲೇ ಬಹುಮಟ್ಟಿಗೆ ರಾಜರ ಕೈಯಲ್ಲಿ ಇರಲಿಲ್ಲ. ಇಲ್ಲದ್ದನ್ನು ಬಿಟ್ಟುಕೊಡಿ ಅಂತ ಕೇಳಿದರೆ ಯಾರು ಬೇಡ ಅಂದಾರು! ದೊಡ್ಡ ಸಂಸ್ಥಾನಕ್ಕೆ ಒಂದು ನಮೂನೆ, ತಾಲೂಕಿನಷ್ಟಿರುವ ಸಂಸ್ಥಾನಕ್ಕೆ ಇನ್ನೊಂದು, ನಡುವಿನವಕ್ಕೆ ಮತ್ತೊಂದು. ಹೀಗೆ ನಮೂನೆ ಮಾಡುವುದು ಗುಮಾಸ್ತಗಿರಿ ಮಾಡಿದವರಿಗೇ ಹೊಳೆಯಬೇಕು.

ಜುಲೈ 25ರಂದು ಮೌಂಟ್‌ಬ್ಯಾಟನ್ ರಾಜರನ್ನೂ ದಿವಾನರನ್ನೂ ದಿಲ್ಲಿಯಲ್ಲಿ ಸೇರಿಸಿ ಮಾತಾಡಿದರು. ಒಬ್ಬ ದಿವಾನರು ಎದ್ದು, ನಮ್ಮ ದೊರೆಗಳು ಹಡಗಿನಲ್ಲಿದ್ದಾರೆ, ಅವರ ಮನಸ್ಸು ನನಗೆ ಗೊತ್ತಿಲ್ಲ ಅಂದರು. ವೈಸ್‌ರಾಯ್ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟ್ ಕೈಗೆತ್ತಿಕೊಂಡು ಭವಿಷ್ಯ ಹೇಳುವವರಂತೆ ಅದರೊಳಗೆ ಇಣುಕಿದರು. ಸ್ವಲ್ಪ ಹೊತ್ತು ಬಿಟ್ಟು, ನಿಮ್ಮ ದೊರೆಗಳು ಸಹಿ ಹಾಕು ಅನ್ನುತ್ತಿದ್ದಾರೆ ಅಂದರು. ಸಭೆಯೆಲ್ಲ ನಗು. ಪೇಪರ್‌ವೇಟಿನಿಂದ ಸರ್ಕಾರಿ ಕೆಲಸವೊಂದು ಸಲೀಸಾದ ಉದಾಹರಣೆ ನನಗಂತೂ ಇನ್ನೊಂದು ಗೊತ್ತಿಲ್ಲ.

ಎಲ್ಲರೂ ನಗುತ್ತಾ ಸಹಿ ಹಾಕಲಿಲ್ಲ ಅನ್ನಿ. ಜೋಧಪುರದ ಹನವಂತ ಸಿಂಗರಿಗೆ ಇನ್ನೂ 24 ವರ್ಷ. ಪಾಕಿಸ್ತಾನಕ್ಕೆ ಬನ್ನಿ ಅಂತ ಇವರ ಮುಂದೆ ಜಿನ್ನಾ ಖಾಲಿ ಹಾಳೆ ಇಟ್ಟು, ಏನು ಬೇಕೋ ಬರೆದುಕೊಳ್ಳಿ ಅಂದಿದ್ದರಂತೆ. ಮೆನನ್ ಈ ಮಹಾರಾಜರನ್ನು ಹಿಡಿದು ತಂದು ವೈಸ್‌ರಾಯ್ ಮುಂದೆ ಕೂರಿಸಿದರು, ಸಹಿಯೂ ಆಯಿತು. ಮೌಂಟ್‌ಬ್ಯಾಟನ್ ಆಚೆ ಹೋದದ್ದೇ ತಡ, ಮಹಾರಾಜರು ಪಿಸ್ತೂಲು ತೆಗೆದು ಮೆನನ್ ಕಡೆ ಹಿಡಿದರು. ಆ ಪಿಸ್ತೂಲು ಇದ್ದದ್ದು ಪೆನ್ನಿನ ಒಳಗೆ! ಮಹಾರಾಜರಿಗೆ ಜಾದೂ ಹುಚ್ಚು, ಪೆನ್ನು ಅವರೇ ಮಾಡಿಸಿಕೊಂಡದ್ದು. ನನ್ನನ್ನು ಕೊಂದರೆ ಸಹಿ ರದ್ದಾಗುತ್ತದೆ ಅಂದುಕೊಂಡಿದ್ದರೆ ಅದು ನಿಮ್ಮ ತಪ್ಪು ಅನ್ನುವ ಅರ್ಥದಲ್ಲಿ ಮೆನನ್ ತಣ್ಣಗೆ ಹೇಳಿದರಂತೆ. ಆಮೇಲೆ ಆ ಪೆನ್ನು ಮೌಂಟ್‌ಬ್ಯಾಟನ್ ಕೈ ಸೇರಿ, ಅವರಿಂದ ಲಂಡನ್ನಿನ ಜಾದೂಗಾರರ ಸಂಘಕ್ಕೆ ಹೋಯಿತು.

ಜೂನಾಗಢದಲ್ಲಿ ಇನ್ನೊಂದು ತಮಾಷೆ. ಅಲ್ಲಿನ ನವಾಬರು ನಾಯಿಪ್ರಿಯರು, ಪಾಕಿಸ್ತಾನ ಸೇರುತ್ತೇವೆ ಅಂದಿದ್ದರು. ಮಾತಾಡೋಣ ಅಂತ ಮೆನನ್ ಹೋದರೆ ನವಾಬರಿಗೆ ಹುಷಾರಿಲ್ಲ ಅನ್ನುವ ಉತ್ತರ ಬಂತು. ಯುವರಾಜರನ್ನಾದರೂ ಕಾಣೋಣ ಅಂದರೆ ಅವರು ಕ್ರಿಕೆಟ್ ಮ್ಯಾಚಿನಲ್ಲಿದ್ದಾರೆ, ಪುರಸೊತ್ತಿಲ್ಲ! ಅಲ್ಲಿ ಕೊನೆಗೆ ಸಹಿ ಹಾಕಿದ್ದು ಜನ. 1948ರ ಫೆಬ್ರವರಿಯಲ್ಲಿ ಮತ ಹಾಕಿಸಿದಾಗ ಪಾಕಿಸ್ತಾನದ ಕಡೆ ಬಿದ್ದದ್ದು 91 ಮತ.

ಜೂನಾಗಢ ಇರುವ ಗುಜರಾತಿನ ಕಾಠಿಯಾವಾಡದಲ್ಲೇ ವೇಜಾನೋನೆಸ್ ಅಂತೊಂದು ಸಂಸ್ಥಾನ ಇತ್ತು, ಪ್ರಜೆಗಳು 206 ಜನ, ವರ್ಷದ ಆದಾಯ 500 ರೂಪಾಯಿ. ಇಂಥವು ಆ ಭಾಗದಲ್ಲಿ ಇನ್ನೂರಕ್ಕೂ ಮೇಲೆ. ಇವನ್ನೆಲ್ಲ ಹೀಗೇ ಬಿಟ್ಟರೆ ಶಾಲೆ, ಆಸ್ಪತ್ರೆ, ಪೊಲೀಸು ನಡೆಯುವುದು ಹೇಗೆ? ಹಾಗಾಗಿ 1947ರ ಡಿಸೆಂಬರಿನಲ್ಲಿ, ಒಡಿಶಾ ಕಡೆಯ ಚಿಕ್ಕ ಸಂಸ್ಥಾನಗಳಿಂದ ಮೊದಲುಮಾಡಿ, ಎರಡನೇ ಕಾಗದ ಹೊರಗೆ ಬಂತು, ವಿಲೀನ ಪತ್ರ. ಮೊದಲನೆಯದರಲ್ಲಿ ಮೂರು ವಿಷಯ, ಇದರಲ್ಲಿ ಎಲ್ಲವೂ. ಬದಲಿಗೆ ರಾಜಧನ ಅಂದರೆ ಸರ್ಕಾರ ವರ್ಷವರ್ಷ ಕೊಡುವ ದುಡ್ಡು, ಅರಮನೆ, ಬಿರುದುಬಾವಲಿ. ಮಿಕ್ಕದ್ದೆಲ್ಲ ನಿಮ್ಮದೇ ಅಂದು ನಾಲ್ಕೇ ತಿಂಗಳಾಗಿತ್ತು. ದೇಶಕ್ಕೆ ಇದರಿಂದ ಒಳ್ಳೆಯದೇ ಆಯಿತು, ಎಷ್ಟೋ ಕಡೆ ಪ್ರಜೆಗಳೇ ರಾಜರ ವಿರುದ್ಧ ಬೀದಿಗಿಳಿದಿದ್ದರು, ಎಲ್ಲ ನಿಜ. ಆದರೂ ಮಾತು ಕೊಟ್ಟು ಜಾರಿಕೊಂಡದ್ದನ್ನು ಜಾಣತನ ಅಂತ ಮಾತ್ರ ಕರೆದು ಸುಮ್ಮನಾಗಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಕಡೆಯ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರುಗಳು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದು ಇಂಥ ಕಾಗದಗಳಿಂದಲೇ. ಸೊಂಡೂರು ಮರುವರ್ಷ ಏಪ್ರಿಲ್ 1ಕ್ಕೆ ಮದರಾಸಿಗೆ ಹೋಯಿತು. ಮೈಸೂರಿನ ಜಯಚಾಮರಾಜ ಒಡೆಯರು ಮೊದಲ ಪತ್ರಕ್ಕೆ 1947ರ ಆಗಸ್ಟ್ 9ರಂದೇ ಸಹಿ ಹಾಕಿದ್ದರು. ದಿಲ್ಲಿಗೆ ಸಹಿ ಸಿಕ್ಕಿತು, ಊರ ಜನಕ್ಕೆ ಸಿಕ್ಕಿರಲಿಲ್ಲ. ಜವಾಬ್ದಾರಿ ಸರ್ಕಾರ ಕೊಡಿ ಅಂತ ಜನ ಮೈಸೂರು ಚಲೋ ಹೊರಟು, ಜೈಲು ತುಂಬಿ, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬರಬೇಕಾಯಿತು. ಇನ್ನು ಹೈದರಾಬಾದು. ಅಲ್ಲಿ ಯಾವ ನಮೂನೆಯೂ ನಡೆಯಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಸೈನ್ಯ ಹೋಯಿತು. ಬೀದರ, ಕಲಬುರಗಿ, ರಾಯಚೂರಿನ ಹಿರಿಯರ ಹತ್ತಿರ ಆ ವರ್ಷದ ವಿಷಯ ಎತ್ತಿ ನೋಡಿ, ಸಹಿ ಗಿಹಿಯ ಮಾತು ಯಾರೂ ಆಡುವುದಿಲ್ಲ.

ರಾಜಧನದ ಪಟ್ಟಿಯೂ ಓದಲು ಮಜವಾಗಿದೆ. ಮೈಸೂರಿಗೆ ವರ್ಷಕ್ಕೆ 26 ಲಕ್ಷ. ಕಾಠಿಯಾವಾಡದ ಕಟೋಡಿಯಾ ಅನ್ನುವ ಕಡೆಯ ದೊರೆಗೆ 192 ರೂಪಾಯಿ, ಅಂದರೆ ತಿಂಗಳಿಗೆ 16. ಕೊಚ್ಚಿಯ ಮಹಾರಾಜರು ಕೇಳಿದ್ದಂತೂ ಇನ್ನೂ ಸಣ್ಣದು, ಪ್ರತಿವರ್ಷ ಪಂಚಾಂಗದ ಪ್ರತಿಗಳನ್ನು ತಮಗೆ ಪುಕ್ಕಟೆಯಾಗಿ ಕಳಿಸುವುದನ್ನು ನಿಲ್ಲಿಸಬಾರದು ಅಂತ. ಸಿಂಹಾಸನ ಹೋದರೂ ರಾಹುಕಾಲ ನೋಡಬೇಕಲ್ಲ.

1950ರ ಡಿಸೆಂಬರಿನಲ್ಲಿ ಪಟೇಲರು ತೀರಿಕೊಂಡ ಮೇಲೆ ಮೆನನ್ ಅವರ ನಸೀಬು ಇಳಿಯಿತು. ಕೆಲವು ವಾರ ಒಡಿಶಾದ ಹಂಗಾಮಿ ರಾಜ್ಯಪಾಲರಾಗಿದ್ದರು, ಸ್ವಲ್ಪ ಕಾಲ ಹಣಕಾಸು ಆಯೋಗದಲ್ಲಿದ್ದರು, ಅಷ್ಟೇ. ಹುಡುಗನಾಗಿ ಕೂಲಿಗೆ ಬಂದಿದ್ದ ಬೆಂಗಳೂರಿಗೇ ಬಂದು ನೆಲೆಸಿದರು. ಪಟೇಲರಿಗೆ ಮಾತು ಕೊಟ್ಟಿದ್ದ ಪ್ರಕಾರ ಸಂಸ್ಥಾನಗಳ ವಿಲೀನದ ಬಗ್ಗೆ ಒಂದು ದಪ್ಪ ಪುಸ್ತಕ, ಅಧಿಕಾರ ಹಸ್ತಾಂತರದ ಬಗ್ಗೆ ಇನ್ನೊಂದು ಬರೆದರು. ರಾಜಾಜಿಯವರ ಸ್ವತಂತ್ರ ಪಕ್ಷ ಸೇರಿದರು. 1965ರ ಕೊನೆಯ ದಿನ ಬೆಂಗಳೂರಿನಲ್ಲೇ ತೀರಿಕೊಂಡರು.

ರಾಜರಿಗೆ ಕೊಟ್ಟ ರಾಜಧನದ ಮಾತು ಸಂವಿಧಾನದ 291ನೇ ವಿಧಿಯಾಗಿ ಭದ್ರವಾಗಿ ಕೂತಿತ್ತು. 1970ರಲ್ಲಿ ಅದನ್ನು ಕಿತ್ತುಹಾಕಲು ಹೋದ ಮಸೂದೆ ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ಒಂದೇ ಒಂದು ಮತದ ಕೊರತೆಯಿಂದ ಬಿತ್ತು. ಆಮೇಲೆ ರಾಷ್ಟ್ರಪತಿಗಳ ಆದೇಶದಿಂದ ರಾಜರ ಮಾನ್ಯತೆಯನ್ನೇ ತೆಗೆದರು, ಸುಪ್ರೀಂ ಕೋರ್ಟು ಅದು ನಡೆಯುವುದಿಲ್ಲ ಅಂದಿತು. ಕೊನೆಗೆ 1971ರಲ್ಲಿ 26ನೇ ತಿದ್ದುಪಡಿ ತಂದು ಎಲ್ಲ ಮುಗಿಸಿದರು. ಮೂರು ಸಲ ಬರೆಯಬೇಕಾಯಿತು ನೋಡಿ. ಮೆನನ್ ಬದುಕಿದ್ದಿದ್ದರೆ ಅದನ್ನು ಖಂಡಿತ ವಿರೋಧಿಸುತ್ತಿದ್ದರು, ಆ ಮಾತು ಕೊಡಿಸಿದವರಲ್ಲಿ ಅವರೂ ಒಬ್ಬರು. ಆದರೆ ಮೊದಲೆರಡು ಕರಡುಗಳನ್ನು ಓದಿ, ಈಗಿನ ಹುಡುಗರಿಗೆ ಡ್ರಾಫ್ಟಿಂಗೇ ಬರುವುದಿಲ್ಲ ಅಂತ ಗೊಣಗದೆಯೂ ಇರುತ್ತಿರಲಿಲ್ಲ ಅನಿಸುತ್ತದೆ.