ಆಸ್ಪತ್ರೆಯವರೇ, ಒಂದು ಹಾಳೆ ಕನ್ನಡದಲ್ಲಿ ಬರೆದು ಕೊಟ್ಟಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?

ಅಮ್ಮನ ಎಡಗೈ ಮೇಲೆ ಇನ್ನೂ ನೀಲಿ ಕಲೆ ಇದೆ. ಡ್ರಿಪ್ಸ್ ಹಾಕಲು ಕ್ಯಾನುಲಾ ಚುಚ್ಚಿದ್ದ ಜಾಗ ಅದು. ಡಾಕ್ಟರು ಬಂದು "ಮನೆಗೆ ಹೋಗಬಹುದು ಅಮ್ಮ" ಅಂತ ಹೇಳಿ ಹತ್ತು ತಾಸು ಕಳೆದರೂ ಆ ಕ್ಯಾನುಲಾ ಕೈಯಲ್ಲೇ ಇತ್ತು. ಬಿಲ್ ಕ್ಲಿಯರ್ ಆಗಿದೆ ಅನ್ನೋ ಚೀಟಿ ವಾರ್ಡಿಗೆ ಬರೋವರೆಗೂ ತೆಗೆಯೋ ಹಾಗಿಲ್ಲವಂತೆ. ಮನೆಗೆ ಬಂದು ವಾರ ಆಯಿತು. ಆ ಕಲೆ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತೆ. ಬರೆದು ಹೊರಗೆ ಹಾಕದಿದ್ದರೆ ನಿದ್ದೆ ಬರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನನ್ನ ಸಿಟ್ಟು ಡಾಕ್ಟರ ಮೇಲಲ್ಲ. ಅಮ್ಮನ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಲ್ಯಾಪ್ರೋಸ್ಕೋಪಿ ಮಾಡಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ತೆಗೆದರು, ಚೆನ್ನಾಗಿ ಮಾಡಿದರು. ರಾತ್ರಿ ಪಾಳಿಯ ಸಿಸ್ಟರ್ ಒಬ್ಬಳು ಕೇರಳದ ಹುಡುಗಿ, ಬಂದು ಆರು ತಿಂಗಳಾಗಿತ್ತಷ್ಟೆ. "ನೋವು ಇದೆಯಾ ಅಮ್ಮ? ಉರಿ ಇದೆಯಾ?" ಅಂತ ಕಲಿತ ನಾಲ್ಕೇ ಮಾತಲ್ಲಿ ಎಷ್ಟು ಅಕ್ಕರೆಯಿಂದ ಕೇಳುತ್ತಿದ್ದಳು! ಅವಳ ಋಣ ನನ್ನ ಮೇಲಿದೆ. ನನ್ನ ಸಿಟ್ಟು ಬೆಂಗಳೂರಿನ ಆ ಆಸ್ಪತ್ರೆ ನಡೆಸುವವರ ಮೇಲೆ. ಲಕ್ಷಗಟ್ಟಲೆ ತಗೊಳ್ಳುತ್ತಾರೆ, ಆದರೆ ಮುಂದೆ ಏನಾಗುತ್ತೆ ಅನ್ನೋದನ್ನು ಮಲಗಿದ ರೋಗಿಗೆ, ಕಾಯುವ ಮನೆಯವರಿಗೆ ಬಾಯಿಬಿಟ್ಟು ಹೇಳಲ್ಲ.

ಅಡ್ಮಿಟ್ ಆದ ದಿನ ಮಂಚದ ಪಕ್ಕದ ಡ್ರಾಯರಿನಲ್ಲಿ ಒಂದು ಪುಸ್ತಕ ಇತ್ತು. ನುಣುಪಾದ ಕಾಗದ, ನಗುತ್ತಿರುವ ಸಂಸಾರದ ಫೋಟೊ, ಪೂರ್ತಿ ಇಂಗ್ಲಿಷ್. ವೈಫೈ ಪಾಸ್‌ವರ್ಡ್ ಎಲ್ಲಿ ಸಿಗುತ್ತೆ, ಟಿವಿಯಲ್ಲಿ ಯಾವ ಚಾನಲ್ ಬರುತ್ತೆ, ಎಟಿಎಂ ಎಲ್ಲಿದೆ, ಹೂವಿನ ಅಂಗಡಿ ಎಲ್ಲಿದೆ, ಎಲ್ಲ ಇತ್ತು. ನಾನು ಎರಡು ಸಲ ತಿರುವಿ ಹಾಕಿದೆ. ಡಿಸ್ಚಾರ್ಜ್ ಆಗೋಕೆ ಎಷ್ಟು ಹೊತ್ತು ಬೇಕು? ರೂಮಿನ ಬಾಡಿಗೆ ಯಾವ ಗಂಟೆಯಿಂದ ಯಾವ ಗಂಟೆಗೆ ಲೆಕ್ಕ? ಅಟೆಂಡರ್ ಪಾಸ್ ಎಷ್ಟು ಕೊಡುತ್ತಾರೆ? ಮನೆ ಊಟ ತರಬಹುದಾ? ಆಪರೇಷನ್‌ಗೆ ಮುಂಚೆ ಮೈಮೇಲಿಂದ ಏನೇನು ತೆಗೆಯಬೇಕು? ಒಂದಕ್ಕೂ ಉತ್ತರ ಇರಲಿಲ್ಲ. ಇದೆಲ್ಲ ನಮಗೆ ಗೊತ್ತಾಗಿದ್ದು ಪ್ರತಿ ಸಲ ತಪ್ಪು ಮಾಡಿ, ಯಾವುದಾದರೂ ಕೌಂಟರಿನಲ್ಲಿ ಬೈಸಿಕೊಂಡ ಮೇಲೆ.

ರೂಮಿನ ಕಥೆ ಕೇಳಿ. ಭಾನುವಾರ ಸಂಜೆ ಅಡ್ಮಿಷನ್ ಕೌಂಟರಿನಲ್ಲಿ "ಶೇರಿಂಗ್ ಖಾಲಿ ಇಲ್ಲ ಮೇಡಂ, ಸಿಂಗಲ್ ಇದೆ, 5,500" ಅಂದರು. ಅಮ್ಮ ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಮುದುರಿ ಕೂತಿದ್ದರು. ಸರಿ ಅಂದೆ. ಅಮ್ಮನ ಇನ್ಶೂರೆನ್ಸ್ ಮೂರು ಲಕ್ಷದ್ದು. ರೂಮಿಗೆ ದಿನಕ್ಕೆ ಅದರ ಶೇಕಡಾ 1 ಮಾತ್ರ, ಅಂದರೆ 3,000. ಮೇಲಿನ 2,500 ನಾವು ಕೊಟ್ಟರಾಯಿತು ಅಂತ ನಾನು ಅಂದುಕೊಂಡೆ. ಹಾಗಲ್ಲ. ರೂಮಿನ ಮಿತಿ ದಾಟಿದರೆ ಸರ್ಜನ್ ಫೀ, ಅರಿವಳಿಕೆ ಡಾಕ್ಟರ ಫೀ, ಆಪರೇಷನ್ ಥಿಯೇಟರ್ ಚಾರ್ಜ್ ಎಲ್ಲದರಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತೆ. 5,500ರಲ್ಲಿ 3,000 ಅಂದರೆ ನೂರಕ್ಕೆ ಸುಮಾರು 55. ಉಳಿದ 45 ನಮ್ಮ ತಲೆಗೆ. ಔಷಧಿ, ಲ್ಯಾಬ್ ಟೆಸ್ಟಿಗೆ ಮಾತ್ರ ಈ ಕತ್ತರಿ ಇಲ್ಲ. ಸಾಲದು ಅಂತ, ದಿನಕ್ಕೆ 5,000 ದಾಟಿದ ರೂಮಿಗೆ 2022ರ ಜುಲೈ 18ರಿಂದ ಶೇಕಡಾ 5 ಜಿಎಸ್‌ಟಿ ಬೇರೆ. ಕೊನೆಗೆ 1.37 ಲಕ್ಷದ ಬಿಲ್ಲಿನಲ್ಲಿ ನಮ್ಮ ಕೈಯಿಂದ ಹೋಗಿದ್ದು 50 ಸಾವಿರ ಚಿಲ್ಲರೆ.

ಆ ಕೌಂಟರಿನ ಹುಡುಗನ ಮುಂದೆ ಕಂಪ್ಯೂಟರಿನಲ್ಲಿ ಅಮ್ಮನ ಪಾಲಿಸಿ ತೆರೆದೇ ಇತ್ತು. ಇದು ಅವನಿಗೆ ದಿನಾ ಮಾಡುವ ಕೆಲಸ. "ಮೇಡಂ, ಈ ರೂಮ್ ತಗೊಂಡರೆ ಎಲ್ಲದರಲ್ಲೂ ಕಟ್ ಆಗುತ್ತೆ, ನಾಳೆ ಶೇರಿಂಗ್ ಖಾಲಿ ಆದರೆ ಬದಲಾಯಿಸಿಕೊಳ್ಳಿ" ಅನ್ನೋಕೆ ಅರ್ಧ ನಿಮಿಷ ಸಾಕಿತ್ತು. ಮಾರನೇ ದಿನವೇ ಎರಡು ಶೇರಿಂಗ್ ಬೆಡ್ ಖಾಲಿ ಆಗಿದ್ದವು. ನನಗೆ ಗೊತ್ತಾಗಿದ್ದು ಬುಧವಾರ, ಅದೂ ಕಸ ಗುಡಿಸುವ ಆಯಮ್ಮನಿಂದ. ನಾನು ಅಕೌಂಟ್ಸ್ ಕೆಲಸ ಮಾಡುವವಳು. ನನಗೇ ಆ ಬಿಲ್ ತಲೆಗೆ ಹತ್ತಲು ಎರಡು ರಾತ್ರಿ ಬೇಕಾಯಿತು. ಸಾಲ ಸೋಲ ಮಾಡಿ ಬಂದು ಕೂತವರ ಗತಿ ಏನು?

ಇನ್ನು ಸಹಿ ಹಾಕಿಸಿಕೊಂಡಿದ್ದು. ಅಮ್ಮ ತಿಪಟೂರು ಕಡೆ ಹಳ್ಳಿಯವರು. ಏಳನೇ ಕ್ಲಾಸ್ ಓದಿದವರು. ದಿನಾ ಬೆಳಿಗ್ಗೆ ಕನ್ನಡಕ ಏರಿಸಿ ಪೇಪರನ್ನು ಮೊದಲ ಪುಟದಿಂದ ಕೊನೇ ಪುಟದವರೆಗೆ ಓದುತ್ತಾರೆ. ಅಂಥವರ ಮುಂದೆ ರಾತ್ರಿ ಒಂಬತ್ತು ಗಂಟೆಗೆ ಆರು ಪುಟ ಇಂಗ್ಲಿಷ್ ಹಿಡಿದು "ಇಲ್ಲಿ ಸೈನ್, ಇಲ್ಲಿ ಸೈನ್, ಇಲ್ಲಿ" ಅಂತ ಬೆರಳು ತೋರಿಸಿದರು. ಅಮ್ಮ ಪೆನ್ ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದರು. "ಏನಂತ ಬರೆದವ್ರೆ ಓದಿ ಹೇಳೇ" ಅಂದರು. ನಾನು ತಗೊಂಡು ಓದಲು ಕೂತರೆ ಫೈಲ್ ತಂದವರಿಗೆ ಅವಸರ, "ಎಲ್ಲರೂ ಹಾಕ್ತಾರೆ ಮೇಡಂ, ಫಾರ್ಮಾಲಿಟಿ" ಅಂದರು.

ಫಾರ್ಮಾಲಿಟಿಯಂತೆ! ರಂಧ್ರದ ಮೂಲಕ ಮಾಡುವುದು ಕಷ್ಟವಾದರೆ ಹೊಟ್ಟೆ ಕೊಯ್ದು ಮಾಡಬೇಕಾಗಬಹುದು ಅಂತ ಅದರಲ್ಲಿ ಬರೆದಿತ್ತು. ಅಷ್ಟು ದೊಡ್ಡ ವಿಷಯ ಅಮ್ಮನಿಗೆ ಗೊತ್ತಾಗಿದ್ದು ಆಗ, ನನ್ನ ಬಾಯಿಂದ. ರಾತ್ರಿಯಿಡೀ ಅವರಿಗೆ ನಿದ್ದೆ ಇಲ್ಲ. ಅದೇ ಮಾತನ್ನು ಹಗಲು ಹೊತ್ತಿನಲ್ಲಿ, ಕನ್ನಡದಲ್ಲಿ, ಧೈರ್ಯ ಹೇಳುತ್ತಾ ಯಾರಾದರೂ ತಿಳಿಸಿದ್ದರೆ ಹೀಗಾಗುತ್ತಿರಲಿಲ್ಲ. ರೋಗಿಗೆ ಸಾಕಷ್ಟು ಮಾಹಿತಿ ಕೊಟ್ಟು ಪಡೆದ ಒಪ್ಪಿಗೆಯೇ ಒಪ್ಪಿಗೆ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕನ್ನಡದ ಒಪ್ಪಿಗೆ ಪತ್ರ ಕೇಳಿದರೆ "ಸ್ಟಾಕ್ ಇಲ್ಲ" ಅಂತಾರೆ.

ಬೆಳಿಗ್ಗೆ ಆರಕ್ಕೆ ಇನ್ನೊಂದು. ಹಸಿರು ಗೌನ್ ತಂದುಕೊಟ್ಟವಳು ಅಮ್ಮನ ಕತ್ತಿನ ಕಡೆ ಕೈ ತೋರಿಸಿ ಹಿಂದಿಯಲ್ಲಿ "ನಿಕಾಲೋ" ಅಂದಳು. ತಾಳಿ ತೆಗೆಯಬೇಕು. ಯಾಕೆ ಅಂತ ನನಗೆ ಗೊತ್ತು. ಆಪರೇಷನ್ ಹೊತ್ತಲ್ಲಿ ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುತ್ತಾರೆ, ಮೈಮೇಲೆ ಲೋಹ ಇದ್ದರೆ ಅಪಾಯ. ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 46 ವರ್ಷ ಕತ್ತಿನಿಂದ ಇಳಿಯದ ತಾಳಿ ಅದು. ಅಮ್ಮ ಎರಡೂ ಕೈಯಿಂದ ಮುಚ್ಚಿಕೊಂಡುಬಿಟ್ಟರು. ಸ್ಟ್ರೆಚರ್ ಬಾಗಿಲಲ್ಲಿ ನಿಂತಿದೆ, ವಾರ್ಡ್ ಬಾಯ್ "ಲೇಟಾಗ್ತಿದೆ" ಅಂತಿದ್ದಾನೆ, ಅಮ್ಮನ ಕಣ್ಣಲ್ಲಿ ನೀರು. ಕೊನೆಗೆ ಅದೇ ಆಯಮ್ಮ ತನ್ನ ಕೈಚೀಲದಿಂದ ಒಂದು ಬಿಳೀ ದಾರ ತೆಗೆದು ಅರಿಶಿನ ಹಚ್ಚಿ ಕೊಟ್ಟಳು. "ಇದನ್ನ ಕಟ್ಕೊಳಿ ಅಮ್ಮಾರೆ, ಡಾಕ್ಟ್ರು ಇದಕ್ಕೆ ಏನೂ ಅನ್ನಲ್ಲ" ಅಂದಳು. ಅದನ್ನು ಕಟ್ಟಿಕೊಂಡ ಮೇಲೆ ಅಮ್ಮ ತಾಳಿ ಬಿಚ್ಚಿ ನನ್ನ ಕೈಗಿಟ್ಟರು.

ಹಿಂದಿನ ದಿನ ಒಂದು ಮಾತು ಹೇಳಿದ್ದರೆ ಮನೆಯಲ್ಲೇ ದೇವರ ಮುಂದೆ ಅರಿಶಿನದ ಕೊಂಬು ಕಟ್ಟಿಕೊಂಡು ನೆಮ್ಮದಿಯಾಗಿ ಬರುತ್ತಿದ್ದರು. ನಮ್ಮ ಕಡೆ ಹೆಂಗಸರಿಗೆ ಇದು ಎಂಥ ವಿಷಯ ಅಂತ ಆ ಆಯಮ್ಮನಿಗೆ ಗೊತ್ತು. ಅಷ್ಟು ದೊಡ್ಡ ಕಟ್ಟಡ ಕಟ್ಟಿದವರಿಗೆ ಗೊತ್ತಿಲ್ಲ.

ಅಪ್ಪನ ಪಾಡು ಬೇರೆ. ಮಂಗಳವಾರ ಬೆಳಿಗ್ಗೆ ಡಾಕ್ಟರು "ಗಂಜಿ ಕೊಡಬಹುದು" ಅಂದರು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. 72 ವರ್ಷದ ಮನುಷ್ಯ ತಾವೇ ಒಲೆ ಮುಂದೆ ನಿಂತು ರಾಗಿ ಗಂಜಿ ಕಾಸಿ, ಫ್ಲಾಸ್ಕಿಗೆ ಹಾಕಿಕೊಂಡು, ಎರಡು ಬಸ್ ಹತ್ತಿ ಬಂದರು. ಲಿಫ್ಟಿನ ಹತ್ತಿರ ಸೆಕ್ಯೂರಿಟಿ ತಡೆದ. ಹೊರಗಿನ ಊಟ ಬಿಡಲ್ಲ. ಪಾಸ್ ಒಂದೇ, ಅದು ನನ್ನ ಹತ್ತಿರ. ನೋಡೋಕೆ ಬಿಡೋದು ಸಂಜೆ 4ರಿಂದ 6. ಆಗ ಗಂಟೆ ಹತ್ತು. ಅಪ್ಪ ನನಗೆ ತೊಂದರೆ ಆಗುತ್ತೆ ಅಂತ ಫೋನೂ ಮಾಡದೆ, ಆ ಎಸಿ ಹಾಲಿನ ಸ್ಟೀಲ್ ಕುರ್ಚಿಯಲ್ಲಿ ಫ್ಲಾಸ್ಕನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ನಾನು ಮಧ್ಯಾಹ್ನ ಔಷಧಿ ತರಲು ಇಳಿದಾಗ ಕಣ್ಣಿಗೆ ಬಿದ್ದರು. "ನಾಕು ಗಂಟೆಗೆ ಬಿಡ್ತಾರಂತೆ ಕಣವ್ವ" ಅಂದರು. ನನಗೆ ಅಲ್ಲೇ ಅಳು ಬಂತು. ಸೋಂಕಿನ ಭಯಕ್ಕೆ ಹೊರಗಿನ ಊಟ ಬೇಡ ಅಂದರೆ ಒಪ್ಪುತ್ತೇನೆ. ಜನ ಜಾಸ್ತಿ ಬೇಡ ಅಂದರೂ ಒಪ್ಪುತ್ತೇನೆ. ಅದನ್ನು ಅಡ್ಮಿಟ್ ಆಗುವಾಗಲೇ ಹೇಳೋಕೆ ಏನು ಕಷ್ಟ?

ಔಷಧಿ ಅಂಗಡಿ ಬಗ್ಗೆ ಬರೆದರೆ ಇನ್ನೊಂದು ಪುರಾಣ ಆಗುತ್ತೆ. ಎಲ್ಲ ಅಲ್ಲೇ ತಗೋಬೇಕು, ಎಂಆರ್‌ಪಿಗೇ ತಗೋಬೇಕು. ಬಿಲ್ಲಿನಲ್ಲಿ ಗ್ಲೌಸೇ 38 ಜೊತೆ. ಗ್ಲೌಸು, ಮಾಸ್ಕು ಇಂಥವಕ್ಕೆ ಇನ್ಶೂರೆನ್ಸ್ ದುಡ್ಡು ಕೊಡಲ್ಲ, ಅದೂ ನಮ್ಮದೇ. ಔಷಧಿ, ಟೆಸ್ಟು ಎಲ್ಲಿ ಬೇಕಾದರೂ ಮಾಡಿಸೋದು ರೋಗಿಯ ಹಕ್ಕು ಅಂತ ರಾಷ್ಟ್ರೀಯ ಮಾನವ ಹಕ್ಕು ಆಯೋಗ 2018ರಲ್ಲಿ ತಯಾರಿಸಿದ ಸನ್ನದಿನಲ್ಲಿ, ಅಂದರೆ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಇದೆ. ಆಸ್ಪತ್ರೆಯ ಅಂಗಡಿಯಲ್ಲೇ ಕೊಳ್ಳಿ ಅನ್ನೋ ಬಲವಂತದ ಕೇಸ್ ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಮಾರ್ಚಿನಲ್ಲಿ ಕೋರ್ಟ್ ಅದನ್ನು ರಾಜ್ಯ ಸರ್ಕಾರಗಳ ತೀರ್ಮಾನಕ್ಕೆ ಬಿಟ್ಟಿತು. ಅಲ್ಲಿಗೆ ರೋಗಿ ಮತ್ತೆ ಅದೇ ಕೌಂಟರಿನ ಮುಂದೆ ನಿಂತ.

ಈಗ ಆ ಬುಧವಾರಕ್ಕೆ ಬರುತ್ತೇನೆ. ಬೆಳಿಗ್ಗೆ 8:40ಕ್ಕೆ ಡಾಕ್ಟರು ಬಂದು ಹೋಗಬಹುದು ಅಂದರು. ಅಮ್ಮ ಆಗಲೇ ಎದ್ದು, ನನ್ನ ಕೈ ಹಿಡಿದುಕೊಂಡು ಸೀರೆ ಉಟ್ಟು, ತಲೆ ಬಾಚಿ, ಮಂಚದ ಅಂಚಿನಲ್ಲಿ ಕೂತರು. ಚೀಲ ಕಟ್ಟಿ ಇಟ್ಟೆವು. ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಿ ಬಂದಿದ್ದು ಹನ್ನೆರಡಕ್ಕೆ. ಉಳಿದ ಔಷಧಿ ಅಂಗಡಿಗೆ ವಾಪಸ್ ಹೋಗಿ ಲೆಕ್ಕ ಆಗಿದ್ದು ಒಂದೂಕಾಲಿಗೆ. ಬಿಲ್ಲಿಂಗಿನವರು ಇನ್ಶೂರೆನ್ಸಿಗೆ ಕೊನೇ ಬಿಲ್ ಕಳಿಸಿದ್ದು 2:40ಕ್ಕೆ. ನಾನು ಐದು ಸಲ ಕೆಳಗೆ ಹೋಗಿ ಕೇಳಿದೆ. ಐದು ಸಲವೂ ಒಂದೇ ಮಾತು, "ಇನ್ಶೂರೆನ್ಸಿಂದ ಅಪ್ರೂವಲ್ ಬಂದಿಲ್ಲ ಮೇಡಂ." ಕಳಿಸದೇ ಇರೋ ಬಿಲ್ಲಿಗೆ ಅಪ್ರೂವಲ್ ಎಲ್ಲಿಂದ ಬರುತ್ತೆ? ಇದು ಹಸೀ ಸುಳ್ಳು, ಅದನ್ನು ಮುಖ ನೋಡಿಕೊಂಡೇ ಹೇಳಿದರು.

2024ರ ಮೇನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿದೆ. ಅಡ್ಮಿಟ್ ಆಗುವಾಗ ಕ್ಯಾಶ್‌ಲೆಸ್‌ಗೆ, ಅಂದರೆ ಆಸ್ಪತ್ರೆ ಬಿಲ್ಲನ್ನು ನೇರವಾಗಿ ತಾನೇ ಕಟ್ಟೋದಕ್ಕೆ, ಒಪ್ಪಿಗೆಯೋ ಇಲ್ಲವೋ ಅಂತ ಇನ್ಶೂರೆನ್ಸ್ ಕಂಪನಿ ಒಂದು ಗಂಟೆಯೊಳಗೆ ಹೇಳಬೇಕು. ಡಿಸ್ಚಾರ್ಜಿಗೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು. ತಡ ಆದರೆ ಆಸ್ಪತ್ರೆ ಹಾಕುವ ಹೆಚ್ಚಿನ ದುಡ್ಡು ಕಂಪನಿಯೇ ಕಟ್ಟಬೇಕು. ಓದಿ ಖುಷಿಪಟ್ಟಿದ್ದೆ. ಆದರೆ ಆ ಮೂರು ಗಂಟೆ ಶುರುವಾಗೋದು ಆಸ್ಪತ್ರೆಯಿಂದ ಕಾಗದ ಹೋದ ಮೇಲೆ. ನಮ್ಮ ಕೇಸಲ್ಲಿ ಕಂಪನಿ 5:20ಕ್ಕೆ ಒಪ್ಪಿಗೆ ಕೊಟ್ಟಿತು, ಮೂರು ಗಂಟೆಯೊಳಗೇ. ಆರು ಗಂಟೆ ತಿಂದಿದ್ದು ಆಸ್ಪತ್ರೆ. ಆ ಆರು ಗಂಟೆಗೆ ಹೇಳೋರು ಕೇಳೋರು ಯಾರೂ ಇಲ್ಲ. ಮೇಲಿಂದ "ಹನ್ನೆರಡು ಗಂಟೆ ದಾಟಿದೆ" ಅಂತ ಅರ್ಧ ದಿನದ ಬಾಡಿಗೆ 2,750 ಸೇರಿಸಿದ್ದರು. ಗಂಟಲು ಹರಿಯೋ ಹಾಗೆ ಕೂಗಾಡಿದ ಮೇಲೆ ತೆಗೆದರು. ಕೂಗದವರು ಕಟ್ಟಿಯೇ ಹೋಗುತ್ತಾರೆ.

ಅಷ್ಟು ಹೊತ್ತೂ ಅಮ್ಮ ಕೂತೇ ಇದ್ದರು. ಹೊಲಿಗೆ ನೋವು, ಮಲಗಿ ಅಂದರೆ ಕೇಳಲಿಲ್ಲ, "ಈಗ ಬತ್ತಾರೆ ಬಿಡು" ಅಂದರು. ಸಿಸ್ಟರಿಗೆ ಕೈ ಚಾಚಿ ಕ್ಯಾನುಲಾ ತೋರಿಸಿ "ಇದನ್ನಾದರೂ ತೆಗಿಯಮ್ಮ" ಅಂತ ಮೂರು ಸಲ ಕೇಳಿದರು. ಅವಳು ತಲೆ ತಗ್ಗಿಸಿದಳು. ಅವಳಿಗೆ ಮೇಲಿನವರ ಭಯ. 6:45ಕ್ಕೆ ಚೀಟಿ ಬಂತು, ಕ್ಯಾನುಲಾ ತೆಗೆದರು. ಕೈ ಆಗಲೇ ಊದಿತ್ತು.

ಕಾನೂನು ಇಲ್ಲ ಅಂತಲ್ಲ. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಲಗಾಮು ಹಾಕುವ ರಾಜ್ಯದ ಕೆಪಿಎಂಇ ಕಾಯ್ದೆಯ ತಿದ್ದುಪಡಿಗೆ ಎಷ್ಟು ಗಲಾಟೆ ಆಯಿತು, ಖಾಸಗಿ ಡಾಕ್ಟರುಗಳು ಹೊರರೋಗಿಗಳನ್ನು ನೋಡುವ ಒಪಿಡಿ ಮುಚ್ಚಿ ಬೆಳಗಾವಿಯಲ್ಲಿ ಪ್ರತಿಭಟನೆಗೆ ಕೂತಿದ್ದು ನಿಮಗೂ ನೆನಪಿರಬೇಕು. ಆ ಕಾಯ್ದೆಯಲ್ಲಿ ರೋಗಿಗಳ ಸನ್ನದು ಇದೆ. ದರ ಎಷ್ಟು ಅಂತ ರೋಗಿಗೆ ಕಾಣುವ ಹಾಗೆ ಹಾಕಬೇಕು. ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ನಾನು ಅಲ್ಲಿಗೂ ಬರೆಯುತ್ತೇನೆ, ಆಸ್ಪತ್ರೆಗಂತೂ ಆಗಲೇ ಬರೆದಿದ್ದೇನೆ. ಕೇಳಿರೋದು ಒಂದೇ ಹಾಳೆ. ಅಡ್ಮಿಟ್ ಆಗುವ ಹೊತ್ತಿಗೆ ಕೈಗೆ ಕೊಡುವ ಒಂದು ಕನ್ನಡದ ಹಾಳೆ. ಪಾಸು, ಊಟ, ಬಾಡಿಗೆ ಗಂಟೆ, ರೂಮಿನ ಕತ್ತರಿ, ಆಪರೇಷನ್ ಹಿಂದಿನ ದಿನದ ತಯಾರಿ, ಡಿಸ್ಚಾರ್ಜಿಗೆ ನಿಜವಾಗಿ ಹಿಡಿಯುವ ಹೊತ್ತು. ಓದಲು ಬಾರದವರಿಗೆ ಓದಿ ಹೇಳುವ ಒಬ್ಬ ಮನುಷ್ಯ. ನುಣುಪು ಕಾಗದ ಬೇಡ, ಜೆರಾಕ್ಸ್ ಸಾಕು.

ಚಿಕ್ಕಮ್ಮನಿಗೆ ಮುಂದಿನ ವಾರ ಗರ್ಭಕೋಶದ ಆಪರೇಷನ್, ಬೇರೆ ಆಸ್ಪತ್ರೆಯಲ್ಲಿ. ಈಗ ಇದನ್ನು ಬರೆಯುತ್ತಿರುವಾಗ ಒಳಗಿನ ರೂಮಿನಿಂದ ಅಮ್ಮ ಫೋನಲ್ಲಿ ಮಾತಾಡೋದು ಕೇಳಿಸುತ್ತಿದೆ. "ನೋಡೇ, ತಾಳಿ ಮನೇಲೇ ಬಿಚ್ಚಿಟ್ಟು ಅರಿಶಿನದ ಕೊಂಬು ಕಟ್ಕೊಂಡೇ ಹೋಗು. ರೂಮು ಮೂರು ಸಾವಿರದೊಳಗಿಂದೇ ಕೇಳು. ಗಂಜಿ ತರಬೋದಾ ಅಂತ ಮೊದ್ಲೇ ಕೇಳ್ಕ. ಅವ್ರು ಹೇಳಾಕಿಲ್ಲ ಕಣೇ, ನೀನೇ ಕೇಳ್ಬೇಕು."